ಚಿಕ್ಕಗಂಗಮ್ಮನ ಮಾತ್ರೆ

"ಕ್ಯಾಲ್ಸಿಯಂ ಮಾತ್ರೆ ದಿನಾ ತಗೊಂಡ್ರಾ ಅಮ್ಮ?" ಡಾಕ್ಟರ್ ರಾಧಾಮಣಿ ಸ್ಕ್ಯಾನ್ ವರದಿಯಿಂದ ತಲೆಯೆತ್ತಿ ಕೇಳಿದರು. ಚಿಕ್ಕಗಂಗಮ್ಮ ತಲೆಯಾಡಿಸಿದಳು. ಕೇಳದೇ ಇದ್ದರೂ ಗಂಡ ಮೂಡಲಗಿರಿಯಪ್ಪ ಸಾಕ್ಷಿ ನುಡಿದ: "ಊಟ ಆದ್ಮೇಲೆ ನಾನೇ ಕೈಗೆ ಕೊಡ್ತೀನಿ ಕಣ್ರಮ್ಮ, ಒಂದು ವರ್ಷದಿಂದ."

"ಆದ್ರೂ ಮೂಳೆ ಇನ್ನಷ್ಟು ಸವೆದಿದೆ. ಮೂಳೆ ಗಟ್ಟಿಯಾಗಿರೋದೇ ಒಳಗಿರೋ ಲವಣಗಳಿಂದ. ಕ್ಯಾಲ್ಸಿಯಂ, ರಂಜಕ. ಹೃದಯ ಬಡ್ಕೊಳ್ಳೋಕೂ ಕ್ಯಾಲ್ಸಿಯಂ ಬೇಕು. ಹೊರಗಿಂದ ಸಾಕಷ್ಟು ಸಿಗದಿದ್ರೆ ಮೈ ಅದನ್ನ ಮೂಳೆಯಿಂದ್ಲೇ ಕಿತ್ಕೊಳ್ಳುತ್ತೆ. ಹೋದ ಸಲ ಬಿದ್ದಾಗ ಮಣಿಕಟ್ಟು ಮುರೀತು. ಇನ್ನೊಂದು ಸಲ ಬಿದ್ರೆ ಸೊಂಟ. ಆಮೇಲೆ ಎದ್ದು ಓಡಾಡೋದು ಕಷ್ಟ."

ತಿಪಟೂರಿನಿಂದ ಬಿಳಿಗೆರೆಯವರೆಗೂ ಬಸ್ಸಿನಲ್ಲಿ ಮೂಡಲಗಿರಿಯಪ್ಪ ತುಟಿಪಿಟಕ್ಕೆನ್ನಲಿಲ್ಲ. ನಲವತ್ತು ವರ್ಷದ ಸಂಸಾರದಲ್ಲಿ ಆತ ನಿದ್ದೆಯಲ್ಲೂ ಇಷ್ಟು ಹೊತ್ತು ಸುಮ್ಮನಿದ್ದವನಲ್ಲ. ಚಿಕ್ಕಗಂಗಮ್ಮನಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ಮನೆ ಸೇರಿದವಳೇ ಅವನನ್ನು ಬಚ್ಚಲ ಹಿಂದೆ, ಏಳು ವರ್ಷದ ಕೆಳಗೆ ತಾನೇ ನೆಟ್ಟ ತೆಂಗಿನ ಮರದ ಬಳಿಗೆ ಕರೆದೊಯ್ದು ಬುಡದ ಮಣ್ಣು ಕೆದಕಿದಳು. ಬಿಳಿ ಚೂರುಗಳು ಕಂಡವು.

"ಏನೇ ಇದು?"

"ಮಾತ್ರೆ. ನಾಲಿಗೆ ಕೆಳಗೆ ಇಟ್ಕೊಂಡಿದ್ದು, ಲೋಟ ತೊಳೆಯೋಕೆ ಬಂದಾಗ ಇಲ್ಲಿ ಹಾಕ್ತಿದ್ದೆ. ಈ ಮರ ಕಾಯಿ ಬಲಿಯೋ ಮೊದ್ಲೇ ಎಳೆ ಹರಳನ್ನೆಲ್ಲ ಉದುರಿಸ್ತಿತ್ತು. ಸಸಿ ನೆಡೋವಾಗ ಗುಂಡಿಗೆ ಉಪ್ಪು ಹಾಕಲ್ವಾ, ಹಂಗೇಯ. ಡಾಕ್ಟ್ರೂ ಲವಣ ಅಂದ್ರಲ್ಲ. ನಂದಿನ್ನೆಷ್ಟು ದಿನ? ಇದು ಇನ್ನೂ ಅರವತ್ತು ವರ್ಷ ಕಾಯಿ ಬುಡ್ತದೆ."

ಮರದ ಕೆಳಗೆ ಅವತ್ತೂ ಹತ್ತಾರು ಹರಳು ಬಿದ್ದಿದ್ದವು. ಒಂದು ವರ್ಷದ ಮಾತ್ರೆ ಅವಳಿಗೂ ದಕ್ಕಿರಲಿಲ್ಲ, ಮರಕ್ಕೂ ದಕ್ಕಿರಲಿಲ್ಲ. ಮೂಡಲಗಿರಿಯಪ್ಪನಿಗೆ ಚೆನ್ನಾಗಿ ಬೈಯಬೇಕೆನಿಸಿತು. ಬಾಯಿ ತೆರೆದರೆ ಬೈಗುಳದ ಬದಲು ಭಯ ಬಂತು.

"ತೋಟದಾಗೆ ಇನ್ನೂರು ಮರ ಅವೆ ಕಣೇ. ಇದು ಹೋದ್ರೆ ಇನ್ನೊಂದು ನೆಡ್ತೀನಿ. ನೀನು ಮಲಗ್ಬುಟ್ರೆ ನಾನು ಯಾರ ಜೊತೆ ಜಗಳ ಆಡ್ಲಿ?"

"ಆಯ್ತು ಬುಡಿ," ಎಂದಳು ಅವಳು, ಅವನ ಮುಖ ನೋಡಲಾರದೆ.

ಮಧ್ಯಾಹ್ನ ಊಟವಾದ ಮೇಲೆ ಮೂಡಲಗಿರಿಯಪ್ಪ ಮಾತ್ರೆ ಕೊಟ್ಟು ಎದುರಿಗೇ ಕೂತ. ಅವಳು ನುಂಗಿ ನೀರು ಕುಡಿದಳು.

"ಬಾಯಿ ತೆಗಿ."

"ನಂಬ್ಕೆ ಇಲ್ವಾ?"

"ಇಲ್ಲ."

ಚಿಕ್ಕಗಂಗಮ್ಮ ಬಾಯಿ ಅಗಲಿಸಿದಳು. ಅವನು ಅವಳ ಗಲ್ಲ ಹಿಡಿದು ಬೆಳಕಿನ ಕಡೆಗೆ ತಿರುಗಿಸಿ, ನಾಲಿಗೆಯ ಕೆಳಗೂ ನೋಡಿದ. ನೋಡಿಯಾದ ಮೇಲೂ ಗಲ್ಲ ಬಿಡಲಿಲ್ಲ.