ಏಳನೇ ನಂಬರಿನ ಸದ್ದು

ಪಾಲಾಕ್ಷನ ಚಟ್ಟವನ್ನು ಹೊತ್ತ ನಾಲ್ವರೂ ಹಟ್ಟಿಯ ಕೊನೆಯ ಮನೆ ದಾಟಿ ನಿಂತುಬಿಟ್ಟರು. ಪಡುವಣ ಗುಡ್ಡದ ಮೇಲೆ ಕರೆಂಟು ತೆಗೆಯುವ ಏಳನೇ ನಂಬರಿನ ಗಾಳಿ ಫ್ಯಾನು ತಿರುಗುತ್ತಲೇ ಇತ್ತು. ಅದರ ರೆಕ್ಕೆಗಳ ನೆರಳು ಸುಡುಗಾಡಿನ ದಾರಿಯ ಮೇಲೆ ಒಂದಾದ ಮೇಲೊಂದು ಹಾದುಹೋಗುತ್ತಿತ್ತು.

"ಇಷ್ಟೊತ್ತಿಗೆ ನಿಲ್ಬೇಕಿತ್ತಲ್ಲೋ," ಎಂದ ಮುಂದೆ ಹೆಗಲು ಕೊಟ್ಟಿದ್ದ ಓಬಯ್ಯ.

"ತಡಿಯಲೇ, ನಿಲ್ತೈತೆ. ಕಂಪನಿಯೋರು ಯಾವತ್ತಾದ್ರೂ ಮಾತು ತಪ್ಪಿದ್ದೈತಾ?" ಎಂದ ಪಕ್ಕದಲ್ಲಿದ್ದ ಅಂಜಿನೇಯ.

ನಿಲ್ಲಲಿಲ್ಲ. ಎತ್ತಿದ ಹೆಣವನ್ನು ಇಲ್ಲಿ ಇಳಿಸುವಂತಿಲ್ಲ. ಹೊತ್ತು ಬೇರೆ ಇಳಿಯುತ್ತಿತ್ತು. ಪಾಲಾಕ್ಷನ ಹೆಂಡತಿ ಗೀತಮ್ಮನ ಅಳು ದಿಗಿಲಿಗೆ ನಿಂತೇಹೋಯಿತು. ಫ್ಯಾನು ಏಕೆ ನಿಲ್ಲುತ್ತಿಲ್ಲವೆಂದು ಅಷ್ಟು ಜನರಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

*

ಆರು ವರ್ಷದ ಹಿಂದೆ ಕಂಪನಿಯವರು ಮೊಳಕಾಲ್ಮುರಿನಿಂದ ಶಾಮಿಯಾನ ತರಿಸಿ, ಊರಿಗೇನು ಬೇಕು ಹೇಳಿ ಎಂದು ಕೇಳಿದ್ದರು. ಏಳೆಂಟು ರಾಜ್ಯಗಳಲ್ಲಿ ಫ್ಯಾನು ನೆಟ್ಟ ದೊಡ್ಡ ಕಂಪನಿ. ಕೇಳುವ ಗತ್ತೂ ದೊಡ್ಡದೇ. ಮುದುಕಿ ಕೆಂಚಕ್ಕ ಎದ್ದು ನಿಂತಳು.

"ಹೆಣ ಹೋಗೋವಾಗ ಫ್ಯಾನು ನಿಲ್ಸ್ರಪ್ಪ. ಅದರ ನೆಳ್ಳು ಹೆಣದ ಮ್ಯಾಲೆ ಹಾದ್ರೆ ಜೀವ ಇಲ್ಲೇ ಸುತ್ತುತಾ ಉಳೀತೈತೆ."

ಬರೆದುಕೊಂಡು ಹೋದರು. ತಿಂಗಳು ಕಳೆದು ಶಾಲೆಗೆ ನೀರಿನ ಫಿಲ್ಟರ್ ಬಂತು.

ಮರುವರ್ಷ ಕೆಂಚಕ್ಕನದೇ ಹೆಣ ಹೊರಟಿತು. ಫ್ಯಾನು ನಿಂತಿತು! ಆಮೇಲಿನ ನಾಲ್ಕು ಹೆಣಗಳಿಗೂ ನಿಂತಿತು. ಹಟ್ಟಿಯವರು ಕಂಪನಿಯನ್ನು ಬಾಯಿತುಂಬ ಹೊಗಳಿದರು. ಫ್ಯಾನಿನ ವಾಚ್‌ಮನ್ ಪಾಲಾಕ್ಷ ಮಾತ್ರ ಮುದ್ದೆ ಮುರಿಯುತ್ತಾ ಹೆಂಡತಿಯ ಕಿವಿಯಲ್ಲಿ ಹೇಳಿದ್ದ.

"ಹೆಣ ಎತ್ತಿದಾಗೆಲ್ಲ ಫ್ಯಾನಿನಾಗೆ ಏನೋ ಸದ್ದು ಬರ್ತೈತೆ ಅಂತ ಸುಳ್ಳೇ ಕಂಟ್ರೋಲ್ ರೂಮಿಗೆ ಫೋನ್ ಮಾಡ್ತೀನಿ ಕಣೇ. ಅಲ್ಲಿಂದ್ಲೇ ನಿಲ್ಲಿಸ್ತಾರೆ. ಬಾಯಿ ಬಿಟ್ಟೀಯ, ಹುಷಾರು."

*

ಚಳ್ಳಕೆರೆಯಿಂದ ಹಾರ ತಂದಿದ್ದ ಕಂಪನಿಯ ಇಂಜಿನಿಯರ್ ವೀರೇಶ್ ಜನರ ಹಿಂದೆ ನಿಂತಿದ್ದ. ಗೀತಮ್ಮ ಅವನ ಬಳಿಗೆ ಓಡಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು.

ವೀರೇಶನಿಗೆ ಮೈ ಉರಿಯಿತು. ಇಲ್ಲದ ಸದ್ದನ್ನು ಹುಡುಕುತ್ತಾ ಐದು ಸಲ ಆ ಕಂಬ ಹತ್ತಿದವನು ಅವನೇ. ಇನ್ನೊಮ್ಮೆ ಸುಳ್ಳು ದೂರು ಬಂದರೆ ವಾಚ್‌ಮನ್‌ನನ್ನು ಕೆಲಸದಿಂದ ತೆಗೆಯಿರಿ ಎಂದು ಹೋದ ತಿಂಗಳು ಕಂಪನಿಗೆ ಬರೆದವನೂ ಅವನೇ.

"ಈಗ ನಾನು ಸುಳ್ಳು ಹೇಳಿದ್ರೆ ನನ್ನ ಕೆಲಸ ಹೋಗುತ್ತಮ್ಮ."

"ಊರೋರ ಹೆಣಕ್ಕೆಲ್ಲ ಹೇಳಿದ ಮನುಷ್ಯ, ಸ್ವಾಮಿ. ಈಗ ಅವರದೇ ಹೆಣಕ್ಕೆ ಹೇಳೋರು ಯಾರೂ ಇಲ್ಲ."

"ಹೆಗಲು ಸೋಲ್ತೈತ್ರಪ್ಪೋ!" ಓಬಯ್ಯ ಕೂಗಿದ. ಚಟ್ಟ ಒಂದು ಕಡೆಗೆ ವಾಲಿತು.

ವೀರೇಶ್ ಫೋನು ತೆಗೆದ. "ಸರ್, ಏಳನೇ ನಂಬರಿನಲ್ಲಿ ಸದ್ದು ಬರ್ತಿದೆ. ತಕ್ಷಣ ನಿಲ್ಲಿಸಿ."

"ಮತ್ತೆ ಆ ವಾಚ್‌ಮನ್ ಹೇಳಿದನೇ?" ಅತ್ತಲಿನ ದನಿ ಹಿಂದಿಯಲ್ಲಿ ಗದರಿತು.

"ಇಲ್ಲ ಸರ್. ನಾನೇ ಕಿವಿಯಾರೆ ಕೇಳಿದೆ."

ರೆಕ್ಕೆಗಳು ನಿಧಾನಿಸಿದವು. ನೆರಳು ದಾರಿಯ ಮೇಲೆ ಇನ್ನೊಂದು ಸಲ ಹಾದು, ಆಚೆಯ ಶೇಂಗಾ ಹೊಲದಲ್ಲಿ ನಿಂತಿತು.

"ನೋಡ್ದಾ? ಕಂಪನಿ ಅಂದ್ರೆ ಕಂಪನಿ," ಎಂದ ಅಂಜಿನೇಯ. ಚಟ್ಟ ಮುಂದೆ ಸರಿಯಿತು.

"ಆ ವಾಚ್‌ಮನ್ ಎಲ್ಲಿದ್ದಾನೆ?" ಫೋನಿನ ದನಿ ಕೇಳಿತು.

"ಇಲ್ಲೇ ಇದ್ದಾರೆ, ಸರ್."

"ಫೋನನ್ನು ಅವನ ಕೈಗೆ ಕೊಡಿ."

ವೀರೇಶ್ ಬೂಟು ಕಳಚಿಟ್ಟು ಚಟ್ಟದ ಹಿಂದೆ ನಡೆದ. ಅವನ ಕೈಯಲ್ಲಿದ್ದ ಫೋನು ಹಲೋ, ಹಲೋ ಎನ್ನುತ್ತಲೇ ಇತ್ತು.