ಹನ್ನೊಂದು ಮಧ್ಯಾಹ್ನಗಳ ಸುರುಳಿ

ಭದ್ರಾವತಿ ಹಳೇನಗರದ ಉಜ್ಜನಪ್ಪನ ಮೈಕ್ ಸೆಟ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಹರಿದ ಶಾಮಿಯಾನದ ಮಡಿಕೆಗಳ ನಡುವೆ, ಹದಿನೈದು ವರ್ಷದಿಂದ ಒಂದು ಕಬ್ಬಿಣದ ಪೆಟ್ಟಿಗೆ ಸುಮ್ಮನೆ ಕೂತಿತ್ತು. ಗಾಜಿನ ಬಲ್ಬಿನಂಥ ವಾಲ್ವುಗಳಿಂದ ಸದ್ದು ಹಿಗ್ಗಿಸುವ ಹಳೇ ಕಾಲದ ಆಂಪ್ಲಿಫೈಯರ್. ಉಜ್ಜನಪ್ಪನ ಅಣ್ಣ ಮೂರ್ತಪ್ಪ ಬದುಕಿದ್ದಾಗ ಅದು ಊರೂರು ತಿರುಗಿ ಮದುವೆ, ನಾಟಕ, ಚುನಾವಣೆ ಎಲ್ಲವನ್ನೂ ಕೂಗಿ ಬಂದಿತ್ತು. ಮೂರ್ತಪ್ಪ ತೀರಿಕೊಂಡ ಮೇಲೆ ಟ್ರಾನ್ಸಿಸ್ಟರ್ ಸೆಟ್ಟುಗಳು ಬಂದವು, ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗುವಷ್ಟು ಹಗುರದವು. ಹಳೆಯವನ್ನೆಲ್ಲ ಗುಜರಿಯವನು ಒಯ್ದ. ಇದೊಂದು ಉಳಿಯಿತು. ಗುಜರಿಯವನು ಬಂದಾಗಲೆಲ್ಲ ಮೂರ್ತಪ್ಪನ ಹೆಂಡತಿ ಜಯಶೀಲಾ ಅದರ ಮೇಲೆ ಕೂತು ಹೂ ಕಟ್ಟುತ್ತಿದ್ದಳು. ಏಳಿ ಅತ್ತಿಗೆ ಎನ್ನುವ ಧೈರ್ಯ ಮೈದುನನಿಗೆ ಇರಲಿಲ್ಲ.

ಆ ಪೆಟ್ಟಿಗೆಯೊಳಗೆ ಒಂದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇತ್ತು. ವಾಲ್ವುಗಳಿಂದ ಬರುವ ಬಿರುಸನ್ನು ಸ್ಪೀಕರಿಗೆ ತಕ್ಕ ಹದಕ್ಕೆ ಇಳಿಸಿ ಕೊಡುವ ತಾಮ್ರದ ಸುರುಳಿ. ಅದನ್ನು ಸುತ್ತಿದವಳು ಜಯಶೀಲಾ. ಆಗಿನ ಕಾಲಕ್ಕೆ ಗಂಡನ ಅಂಗಡಿಯ ಸುರುಳಿಗಳನ್ನೆಲ್ಲ ಸುತ್ತುತ್ತಿದ್ದವಳು ಅವಳೇ. ಕೂದಲೆಳೆಯಷ್ಟು ಸಣ್ಣ ತಂತಿ ಬೆರಳ ಸಂದಿಯಿಂದ ಜಾರಿ ಹೋಗುತ್ತಿತ್ತು, ಕೈಮೆಷಿನ್ನು ಕಿರ್ರೆನ್ನುತ್ತಿತ್ತು, ಎಣಿಕೆ ನೂರು, ಇನ್ನೂರು, ಸಾವಿರ ದಾಟುತ್ತಿತ್ತು. ಈ ಒಂದಕ್ಕೆ ಹನ್ನೊಂದು ಮಧ್ಯಾಹ್ನ ಹಿಡಿದಿತ್ತು. ಈಗ ಸಕ್ಕರೆ ಕಾಯಿಲೆಯಿಂದ ಬೆರಳ ತುದಿಗೆ ಜೋಮು. ತಂತಿ ಬಿಗಿಯಾಯಿತೋ ಸಡಿಲವಾಯಿತೋ ತಿಳಿಯುವುದಿಲ್ಲ. ಅವಳು ಸುತ್ತಿದ ಮಿಕ್ಕೆಲ್ಲ ಸುರುಳಿಗಳೂ ತಾಮ್ರದ ತೂಕಕ್ಕೆ ಹೋಗಿ ಕರಗಿದ್ದವು. ಅವಳ ಕೈಯದೆಂದು ಲೋಕದಲ್ಲಿ ಉಳಿದದ್ದು ಇದೊಂದೇ.

ಎರಡು ಸಾವಿರದ ಮೂರರ ಜನವರಿಯ ಒಂದು ಬೆಳಿಗ್ಗೆ ಸ್ಪಂದನಾ ಬಂದಳು. ಶಿವಮೊಗ್ಗದ ಆಲ್ಕೊಳದವಳು, ಮೂವತ್ತರ ಆಸುಪಾಸು. ವಾರವೆಲ್ಲ ಶಾಲೆಯಲ್ಲಿ ಸಂಗೀತದ ಟೀಚರು, ರಜಾ ದಿನ ಆರ್ಕೆಸ್ಟ್ರಾದಲ್ಲಿ ಗಿಟಾರು. ಅವತ್ತೂ ಬೆನ್ನ ಮೇಲೆ ಗಿಟಾರು ಹೊತ್ತೇ ಬಸ್ಸಿಳಿದಿದ್ದಳು.

"ಅಂಕಲ್, ನಿಮ್ಮ ಹತ್ರ ಹಳೇ ವಾಲ್ವ್ ಸೆಟ್ ಇದೆಯಂತೆ?"

"ಇದೆಯಮ್ಮ," ಎಂದ ಉಜ್ಜನಪ್ಪ. "ಆದ್ರೆ ಅದರ ಮೇಲೆ ನಮ್ಮತ್ತಿಗೆ ಇದ್ದಾರೆ."

ಜಯಶೀಲಾ ಹೂವಿನಿಂದ ಕಣ್ಣೆತ್ತಲಿಲ್ಲ. "ಯಾತಕ್ಕೆ ಬೇಕಂತೆ?"

"ಗಿಟಾರಿಗೆ ಆಂಟಿ. ನನ್ನ ಹತ್ರ ಇರೋ ಆಂಪ್ಲಿಫೈಯರ್ ಗಿಟಾರನ್ನ ಹಾಡಿಸಲ್ಲ, ಪಾಠ ಒಪ್ಪಿಸ್ದಂಗೆ ಓದಿ ಹೇಳುತ್ತೆ. ವಾಲ್ವಿನದಾದ್ರೆ ಜೋರು ಮಾಡಿದಾಗ ಸದ್ದು ಒಡೆಯಲ್ಲ, ಕರಗುತ್ತೆ ಅಂತಾರೆ."

ಕರಗುತ್ತೆ ಎಂಬ ಮಾತಿಗೆ ಜಯಶೀಲಾಳ ಕೈ ನಿಂತಿತು. ಎಷ್ಟೋ ವರ್ಷದ ಹಿಂದೆ ಗಂಡನ ಸೆಟ್ಟಿನಲ್ಲಿ ಮೊಳಗುತ್ತಿದ್ದ ಹಾಡಿನ ಸದ್ದು, ಗದ್ದೆ ಬಯಲಿನ ಆಚೆಯಿಂದ ಗಾಳಿಯೊಡನೆ ಬಂದು ಬಂದು ಹೋಗುತ್ತಿದ್ದದ್ದು, ಕಿವಿಯ ಹತ್ತಿರ ಸುಳಿದು ಹೋದಂತಾಯಿತು. ಮೆಲ್ಲಗೆ ಎದ್ದಳು. ಉಜ್ಜನಪ್ಪ ಬಾಯಿ ಬಿಟ್ಟುಕೊಂಡು ನೋಡಿದ.

"ಏನು ಬೇಕಾದ್ರೂ ಬದ್ಲಾಯ್ಸಿಕೊ ಮಗಾ. ವಾಲ್ವು ಹೊಸದು ಹಾಕು, ಪೆಟ್ಟಿಗೆ ಬಣ್ಣ ಬದ್ಲಾಯ್ಸು. ಒಳಗಿರೋ ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಮಾತ್ರ ಸುಡಬಾರದು. ಸುಟ್ರೆ ಇನ್ನೊಂದು ಸುತ್ತೋ ಕೈ ಇಲ್ಲ ಈಗ."

ಬೆಂಗಳೂರಿನಿಂದ ವಾಲ್ವು ಬಂದವು. ಒಣಗಿದ ಕೆಪಾಸಿಟರುಗಳನ್ನು ಉಜ್ಜನಪ್ಪ ಬದಲಿಸಿದ, ಮೈಕಿನ ಜಾಗದಲ್ಲಿ ಗಿಟಾರಿನ ವಯರಿನ ಪಿನ್ನಿಗೆ ತೂತು ಕೊರೆದ. ಸ್ಪಂದನಾ ಎರಡು ಭಾನುವಾರ ಬಂದು ಪಕ್ಕದಲ್ಲೇ ಕೂತಳು. ಮೂರನೆಯ ಭಾನುವಾರ ಉಳಿದದ್ದು ಸ್ಪೀಕರಿನ ಕಡೆಯ ಕೆಲಸ. ಪೆಟ್ಟಿಗೆಯ ಬೆನ್ನಿಗೆ ಸಾಲಾಗಿ, ಸ್ಪೀಕರಿನ ತಂತಿ ಸಿಕ್ಕಿಸುವ ಐದು ತಿರುಪು ಇದ್ದವು, ಯಾವುದು ಯಾವುದೆಂದು ಬರೆದದ್ದು ಕಾಣುತ್ತಿರಲಿಲ್ಲ. ಗಣಪತಿ ಹಬ್ಬದ ಸೀಸನ್ನು ಶುರುವಾಗುವ ಮುಂಚೆ ಸೆಟ್ಟಿಗೆ ಹೊಸ ಬಣ್ಣ ಹೊಡೆಯುವುದು ಮೈಕಿನವರ ರೂಢಿ, ಹಳೆಯದನ್ನೇ ಹೊಸದೆಂದು ತೋರಿಸಲಿಕ್ಕೆ. ಹಾಗೆ ವರ್ಷ ವರ್ಷವೂ ಬಳಿದ ಬಣ್ಣದ ಕೆಳಗೆ ಅಂಕಿಗಳು ಮುಚ್ಚಿಹೋಗಿದ್ದವು.

"ಇದರಲ್ಲಿ ಯೋಚ್ನೆ ಮಾಡೋದೇನಿದೆ?" ಎಂದ ಉಜ್ಜನಪ್ಪ. "ಅಣ್ಣ ಯಾವಾಗ್ಲೂ ಆ ತುದಿದೊಂದು, ಈ ತುದಿದೊಂದು ತಿರುಪಿಗೆ ಹಾಕ್ತಿದ್ದ. ಅದಕ್ಕೇ ಹಾಕೋಣ."

"ಅದು ಮರಕ್ಕೆ ಕಟ್ಟೋ ಹಾರ್ನಿಗೆ ಹಾಕ್ತಿದ್ದದ್ದು ಮಾರಾಯ," ಎಂದಳು ಜಯಶೀಲಾ. " ಮೈಲಿ ದೂರ ತಂತಿ ಎಳೀಬೇಕಲ್ಲ, ಅದಕ್ಕೆ ವೋಲ್ಟೇಜ್ ಏರಿಸಿ ಕಳಿಸೋ ಲೈನು. ಹಾರ್ನಿನ ಕುತ್ತಿಗೇಲಿ ಇನ್ನೊಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇತ್ತು, ಅದು ಇಳಿಸಿಕೊಳ್ತಿತ್ತು. ಈ ಹುಡುಗಿ ಸ್ಪೀಕರಿನಲ್ಲಿ ಅದಿಲ್ಲ. ಪಕ್ಕದಲ್ಲೇ ಕೂತಿರೋವ್ರ ಹತ್ರ ಹೊಳೆಯಾಚೆ ಇರೋವ್ರಿಗೆ ಕೂಗಿದಂಗೆ ಕೂಗ್ತಾರಾ? ನಿನ್ನ ಸ್ಪೀಕರಿನ ಬೆನ್ನ ಮೇಲೆ ಏನು ಬರ್ದಿದೆ ನೋಡೇ."

"ಎಂಟು ಓಮ್ಸ್ ಆಂಟಿ."

ಜಯಶೀಲಾ ಹಳೆಯ ಬ್ಲೇಡು ತೆಗೆದುಕೊಂಡು ತಿರುಪುಗಳ ಮೇಲಿನ ಬಣ್ಣ ಕೆರೆಯತೊಡಗಿದಳು. ಮೇಲೆ ಬೂದಿ ಬಣ್ಣ, ಅದರಡಿ ಹಸಿರು, ಅದರಡಿ ಕಂದು, ಮತ್ತೆ ನೀಲಿ. ಒಂದೊಂದು ಪದರವೂ ಒಂದೊಂದು ಭಾದ್ರಪದ. ಕಂದಿನ ವರ್ಷ ಮೂರ್ತಪ್ಪ ಮುಂಗೈಗೆಲ್ಲ ಬಣ್ಣ ಬಳಿದುಕೊಂಡು ಊಟಕ್ಕೆ ಬಂದಿದ್ದ. ನೀಲಿಯ ವರ್ಷ ಯಾರದೋ ಮದುವೆಯಿಂದ ಹೋಳಿಗೆ ಕಟ್ಟಿಕೊಂಡು ಬಂದಿದ್ದ. ಬಣ್ಣದ ಪುಡಿ ಸೆರಗಿನ ಮೇಲೆ ಬೀಳುತ್ತಿತ್ತು, ಅವಳು ಒಂದೊಂದೇ ವರ್ಷ ಹಿಂದಕ್ಕೆ ಇಳಿಯುತ್ತಿದ್ದಳು. ಕೊನೆಗೆ ತಗಡಿನ ಮೇಲೆ ಮೊಳೆಯಿಂದ ಗೀರಿದ ಅಂಕಿಗಳು ಕಂಡವು: ಸೊನ್ನೆ, ನಾಲ್ಕು, ಎಂಟು, ಹದಿನಾರು, ಕೊನೆಯದಕ್ಕೆ, ಹಾರ್ನಿನ ಲೈನಿಗೆಂದು, ಒಂದು ಉದ್ದ ಗೆರೆ. ಸೊನ್ನೆ ಮತ್ತು ಎಂಟು. ಆ ಎರಡು ತಿರುಪಿನಿಂದ ದಪ್ಪ ತಂತಿ ಎಳೆದು, ಸ್ಪೀಕರಿನ ಪಿನ್ನು ಚುಚ್ಚುವ ಜಾಕಿಗೆ ಬೆಸೆದಳು. ಜೋಮು ಹಿಡಿದ ಕೈಗೂ ಬೆಸುಗೆಯ ಕೆಲಸ ಮರೆತಿರಲಿಲ್ಲ.

ಆಮೇಲೆ ಅವಳು ಮಾಡಿದ್ದು ನೋಡಿ ಉಜ್ಜನಪ್ಪ ಬೆಚ್ಚಿಬಿದ್ದ. ಜಾಕಿನೊಳಗೆ ಒಂದು ಹಿತ್ತಾಳೆಯ ನಾಲಿಗೆ ಇತ್ತು. ಪಿನ್ನು ಹೊರಗಿದ್ದಾಗ ಅದು ಕೆಳಗೆ ಕೂರುತ್ತದೆ, ಪಿನ್ನು ಒಳಗೆ ಹೋದಾಗ ಮೇಲೇಳುತ್ತದೆ. ಆ ನಾಲಿಗೆಗೆ ಒಂದು ಗಿಡ್ಡ ತಂತಿ ಬೆಸೆದು, ಪಿನ್ನು ಕಿತ್ತರೆ ಎರಡು ಕಡೆಯ ತಂತಿಗಳೂ ಒಂದಕ್ಕೊಂದು ಕೂಡಿಕೊಳ್ಳುವಂತೆ ಮಾಡಿದಳು.

"ಅತ್ತಿಗೆ! ಶಾರ್ಟ್ ಮಾಡ್ತಿದ್ದೀರಲ್ಲ!"

"ಹೂಂ. ಶಾರ್ಟೇ."

"ಶಾರ್ಟಾದ್ರೆ ಸೆಟ್ ಸುಟ್ಟೇ ಹೋಗುತ್ತಲ್ರೀ!"

"ನಿನ್ನ ಟ್ರಾನ್ಸಿಸ್ಟರಿಗೆ ಆ ಮಾತು. ಇದು ಬೇರೆ ಜಾತಿದು. ಇದಕ್ಕೆ ಶಾರ್ಟಾದ್ರೆ ಸ್ವಲ್ಪ ಹೊತ್ತು ತಡ್ಕೊಳ್ಳುತ್ತೆ. ಕೇಳೋರಿಲ್ದೆ ಕೂಗಿಸಿದ್ರೆ ತಡ್ಕೊಳ್ಳಲ್ಲ. ಸ್ಪೀಕರ್ ಇಲ್ದಾಗ ಕೂಗು ಹೊರಗೆ ಹೋಗೋಕೆ ದಾರಿ ಇರಲ್ಲ, ಒಳಗೇ ಉಬ್ಬಿ ಸುರುಳೀನ ಸೀಳುತ್ತೆ."

ಉಜ್ಜನಪ್ಪ ತಲೆಯಾಡಿಸಿದ. ಆದರೆ ಮನಸ್ಸು ಒಪ್ಪಲಿಲ್ಲ. ಅವನು ಕಾರ್ಖಾನೆಯ ಕೆಲಸ ಬಿಟ್ಟು ಈ ಕಸುಬಿಗೆ ಬರುವ ಹೊತ್ತಿಗೆ ವಾಲ್ವಿನ ಕಾಲ ಮುಗಿಯುತ್ತ ಬಂದಿತ್ತು. ಶಾರ್ಟ್ ಎಂದರೆ ಹೊಗೆ ಎಂಬುದೊಂದೇ ಅವನು ಕಲಿತದ್ದು. ಅತ್ತಿಗೆಗೆ ಅರವತ್ತಾಯಿತು, ಎಲ್ಲೋ ಮರೆವು ಬಂದಿದೆ, ಬಂದವಳ ಎದುರಿಗೆ ತಪ್ಪು ಎತ್ತಿ ಆಡಿದರೆ ಹಿರಿಯ ಜೀವಕ್ಕೆ ಅವಮಾನ. ಹಾಗೆಂದುಕೊಂಡು, ಜಯಶೀಲಾ ಕಾಫಿ ಕಾಯಿಸಲು ಒಳಗೆ ಹೋದಾಗ, ಕಟ್ಟಿಂಗ್ ಪ್ಲೇಯರಿನಿಂದ ಆ ಗಿಡ್ಡ ತಂತಿಯನ್ನು ಸ್ಪಂದನಾಳಿಗೂ ಕಾಣದಂತೆ ಮೆಲ್ಲಗೆ ಕತ್ತರಿಸಿ ತೆಗೆದುಬಿಟ್ಟ. ಪ್ರೀತಿಯಿಂದಲೇ ಮಾಡಿದ. ಮೂವರೂ ಕಾಫಿ ಕುಡಿದರು.

ಮಧ್ಯಾಹ್ನದ ಬಸ್ಸಿಗೆ ಪೆಟ್ಟಿಗೆ ಹತ್ತಿಸಿ ಮೂವರೂ ಹತ್ತಿದರು. ಡ್ರೈವರಿನ ಪಕ್ಕ ಇಂಜಿನ್ನಿನ ಮೇಲೆ ಗೋಣಿ ಹಾಸಿ ಅದನ್ನು ಕೂರಿಸಿದ್ದಾಯಿತು. ಕಂಡಕ್ಟರ್ ಬಗ್ಗಿ ನೋಡಿ, "ಇದಕ್ಕೂ ಟಿಕೆಟ್ ಆಗುತ್ತೆ ಅಜ್ಜಿ, ಎಷ್ಟು ವಯಸ್ಸು?" ಎಂದ.

"ನಿನಗಿಂತ ದೊಡ್ಡದು. ನಿನ್ನ ಸೀಟು ಬಿಟ್ಕೊಡು," ಎಂದಳು ಜಯಶೀಲಾ.

ಬಸ್ಸು ಅಲುಗಾಡುತ್ತ ಹೊರಟಿತು. ಇಂಜಿನ್ನಿನ ಗುಂಯ್‌ಗುಡುವಿಕೆ ಪೆಟ್ಟಿಗೆಯ ತಗಡಿಗೆ ಹತ್ತಿ, ತಗಡಿನಿಂದ ಅವಳ ಅಂಗೈಗೆ ಹತ್ತಿತು. ಕಣ್ಣು ಭಾರವಾಯಿತು. ಹೊರಗೆ ಕಾಲುವೆಯ ನೀರು, ಕಬ್ಬಿನ ಗದ್ದೆ, ಬಿಸಿಲು, ಎಲ್ಲವೂ ಒಂದೇ ದಾರವಾಗಿ ಕಿಟಕಿಯಲ್ಲಿ ಸುತ್ತಿಕೊಳ್ಳುತ್ತಿದ್ದವು. ಅರೆನಿದ್ದೆಯಲ್ಲಿ ಅವಳಿಗೆ, ತಾನು ಬಸ್ಸಿನಲ್ಲಿಲ್ಲ, ಯಾರೋ ತಿರುಗಿಸುತ್ತಿರುವ ಒಂದು ದೊಡ್ಡ ರಾಟೆಯ ಮೇಲೆ ಪದರ ಪದರವಾಗಿ ಮೆತ್ತಗೆ ಹಾಸಿಕೊಳ್ಳುತ್ತಿದ್ದೇನೆ ಅನ್ನಿಸಿತು. ಶಿವಮೊಗ್ಗ ಬಂದಾಗ ಸ್ಪಂದನಾ ಭುಜ ಮುಟ್ಟಿ ಎಬ್ಬಿಸಬೇಕಾಯಿತು.

ಆಲ್ಕೊಳದಲ್ಲಿ ಸ್ಪಂದನಾಳದು ಮಹಡಿಯ ಮೇಲಿನ ಒಂದೇ ಕೋಣೆ. ಪೆಟ್ಟಿಗೆಯನ್ನು ಕಿಟಕಿಯ ಕೆಳಗಿಟ್ಟರು, ಸ್ಪೀಕರನ್ನು ಎದುರು ಗೋಡೆಗೆ. ಪಿನ್ನು ಚುಚ್ಚಿ ಸ್ವಿಚ್ಚು ಹಾಕಿದರು. ವಾಲ್ವುಗಳು ಮೊದಲು ಕಪ್ಪಗೇ ಇದ್ದು, ಆಮೇಲೆ ಒಳಗೊಳಗೇ ಕಿತ್ತಳೆಯ ಬಣ್ಣಕ್ಕೆ ತಿರುಗಿದವು. ಬಿಸಿಯಾದ ಧೂಳಿನ ವಾಸನೆ ಬಂತು. ಸ್ಪಂದನಾ ಒಂದು ತಂತಿ ಮೀಟಿದಳು.

ಆ ಸದ್ದು ಕೋಣೆಯೊಳಗೆ ಬಂದದ್ದು ಗೊತ್ತಾಯಿತು, ಹೋದದ್ದು ಗೊತ್ತಾಗಲಿಲ್ಲ. ಜೇನು ಚಮಚದಿಂದ ಇಳಿದ ಹಾಗೆ ಇಳಿಯುತ್ತ ಇಳಿಯುತ್ತ ಎಲ್ಲೋ ನಿಂತಿತು. ಸ್ಪಂದನಾ ಕಣ್ಣು ಮುಚ್ಚಿಕೊಂಡು ಬಾರಿಸತೊಡಗಿದಳು. ಜಯಶೀಲಾ ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕಾಲು ಚಾಚಿ ಕೂತಳು. ಹನ್ನೊಂದು ಮಧ್ಯಾಹ್ನ ಅವಳ ಬೆರಳ ಸಂದಿಯಿಂದ ಹೋದ ತಂತಿಯುದ್ದಕ್ಕೂ ಈಗ ಈ ರಾಗ ಹರಿದು ಹೋಗುತ್ತಿತ್ತು.

ಬಾರಿಸುತ್ತಲೇ ಸ್ಪಂದನಾ ಕುರ್ಚಿಯನ್ನು ಹಿಂದಕ್ಕೆ ಜರುಗಿಸಿದಳು. ಕುರ್ಚಿಯ ಕಾಲು ಸ್ಪೀಕರಿನ ತಂತಿಗೆ ಸಿಕ್ಕಿ ಪೆಟ್ಟಿಗೆಯ ಬೆನ್ನಿನ ಪಿನ್ನು ಸರಕ್ಕನೆ ಕಿತ್ತು ಬಂತು. ಸದ್ದು ನಿಂತಿತು.

"ಗಿಟಾರಿನ ವಯರ್ ಲೂಸ್ ಅನ್ಸುತ್ತೆ," ಎನ್ನುತ್ತ ಅವಳು ವಾಲ್ಯೂಮು ತಿರುಗಿಸಿ ಏರಿಸಿ, ಮತ್ತೆ ಜೋರಾಗಿ ಮೀಟಿದಳು.

ಜಯಶೀಲಾ ಗಾಬರಿಯಾಗಲಿಲ್ಲ. ಪಿನ್ನು ಕಿತ್ತದ್ದನ್ನು ಕಂಡಿದ್ದಳು, ಹಿತ್ತಾಳೆಯ ನಾಲಿಗೆ ಕೆಳಗೆ ಕೂತು ಸುರುಳಿಯನ್ನು ಕಾಯುತ್ತದೆ ಎಂಬ ನಂಬಿಕೆಯಿತ್ತು. ಆಗ ಕೇಳಿಸಿತು. ಸ್ಪೀಕರಿನಿಂದಲ್ಲ. ಪೆಟ್ಟಿಗೆಯೊಳಗಿಂದ, ಕಬ್ಬಿಣದ ಪಟ್ಟಿಗಳ ನಡುವಿನಿಂದ, ಸೊಳ್ಳೆಯ ರೆಕ್ಕೆಯಷ್ಟು ಸಣ್ಣಗೆ ಗಿಟಾರು ಹಾಡುತ್ತಿತ್ತು. ಅವಳ ಸುರುಳಿ ತಾನೇ ಹಾಡುತ್ತಿತ್ತು. ಇಷ್ಟು ವರ್ಷ ಯಾರು ಯಾರದೋ ಕೂಗನ್ನು ದಾಟಿಸಿದ್ದು, ಇಂದು ತನ್ನದೇ ದನಿಯಲ್ಲಿ. ಎಂಥ ದನಿ! ಜಯಶೀಲಾ ಉಸಿರು ಹಿಡಿದು ಕಿವಿಗೊಟ್ಟಳು. ಇನ್ನೊಂದೇ ಒಂದು ಸ್ವರ ಕೇಳಿಬಿಡೋಣ ಅನ್ನಿಸಿತು. ಕೇಳಿದಳು ಕೂಡ.

ಮರುಕ್ಷಣ ಚಿಟ್ ಎಂದು ಎಲ್ಲೋ ಕಿಡಿ ಸಿಡಿದ ಸದ್ದು.

"ಕೈ ತೆಗಿಯೇ!" ಎಂದು ಕೂಗಿ ಅವಳು ಎದ್ದು, ಎರಡು ಅಂಗೈಯನ್ನೂ ಗಿಟಾರಿನ ತಂತಿಗಳ ಮೇಲೆ ಒತ್ತಿಬಿಟ್ಟಳು. "ಉಜ್ಜನಪ್ಪ, ಸ್ವಿಚ್ಚು! ಆರಿಸು ಸ್ವಿಚ್ಚು!"

ವಾಲ್ವುಗಳು ಮೆಲ್ಲಗೆ ಕಂದಿದವು.

"ಶಾರ್ಟ್ ಆಗಬೇಕಿತ್ತು," ಎಂದಳು ಜಯಶೀಲಾ. "ನಾಲಿಗೆಗೆ ತಂತಿ ಹಾಕಿದ್ನಲ್ಲ."

ಉಜ್ಜನಪ್ಪ ಸ್ವಿಚ್ಚಿನಿಂದ ಕೈ ತೆಗೆದ. "ನಾನೇ ತೆಗ್ದೆ ಅತ್ತಿಗೆ. ನಿಮಗೆ ಮರೆವು ಅಂದ್ಕೊಂಡೆ."

"ನನಗೆ ಹೇಳಬಹುದಿತ್ತಲ್ಲ."

"ಈ ಹುಡುಗಿ ಮುಂದೆ ಹೆಂಗೆ ಹೇಳೋದು ಅಂತ..."

"ಅಯ್ಯೋ ಮಾರಾಯ, ನನ್ನ ಮಾನ ಉಳಿಸೋಕೆ ಹೋಗಿ ನನ್ನ ಸುರುಳೀನೇ ಕೊಲ್ತಿದ್ದೆಯಲ್ಲೋ." ಬೈಯಲು ಹೊರಟ ಮಾತು ಅರ್ಧಕ್ಕೇ ನಿಂತಿತು. ಆ ಇನ್ನೊಂದು ಸ್ವರ ಅವಳ ಕಿವಿಯಲ್ಲಿನ್ನೂ ಇತ್ತು. "ನಂದೂ ತಪ್ಪಿದೆ ಬಿಡು," ಎಂದಳು. "ಒಂದು ಗಳಿಗೆ ಮುಂಚೇನೇ ಏಳಬಹುದಿತ್ತು. ಚೆನ್ನಾಗಿತ್ತು ಅಂತ ಕೂತ್ಬಿಟ್ಟೆ."

ಪೆಟ್ಟಿಗೆಯೊಳಗೆ ನಿಂತ ಕರೆಂಟು ಇಳಿಯುವವರೆಗೆ ಯಾರನ್ನೂ ಮುಟ್ಟಗೊಡಲಿಲ್ಲ. ಕಿಟಕಿಯ ಬಿಸಿಲು ನೆಲದ ಮೇಲೆ ಒಂದು ಚೌಕ ಜರುಗುವಷ್ಟು ಹೊತ್ತು ಕಾದರು. ಆಮೇಲೆ ಮೇಲಿನ ತಗಡು ತೆಗೆದು ಮೂಗು ಹತ್ತಿರ ಒಯ್ದಳು. ಸುಟ್ಟ ಅರಗಿನ ವಾಸನೆ ಇರಲಿಲ್ಲ. ಕಿಡಿ ಹಾರಿದ್ದು ಸುರುಳಿಯೊಳಗಲ್ಲ, ವಾಲ್ವಿನ ಬುಡದ ಹತ್ತಿರ ಎರಡು ಕಾಲುಗಳ ನಡುವೆ. ಅಲ್ಲೊಂದು ಎಳ್ಳುಕಾಳಿನಷ್ಟು ಕಪ್ಪು ಚುಕ್ಕೆ ಬಿದ್ದಿತ್ತು. ಉಜ್ಜನಪ್ಪ ಮೀಟರು ಹಿಡಿದ. ಸುರುಳಿಯ ಒಂದು ಕಡೆಗೆ ಇಟ್ಟಾಗ ಮುಳ್ಳು ಎಲ್ಲಿಗೆ ಹೋಯಿತೋ ಇನ್ನೊಂದು ಕಡೆಗೂ ಹೆಚ್ಚುಕಡಿಮೆ ಅಲ್ಲಿಗೇ ಹೋಯಿತು.

"ತುಂಡಾಗಿಲ್ಲ," ಎಂದ.

"ಇಷ್ಟರಿಂದ್ಲೇ ಎಲ್ಲಾ ಗೊತ್ತಾಗಲ್ಲ. ಹಾಡಿಸಿ ನೋಡ್ಬೇಕು. ಮೊದ್ಲು ಆ ತಂತಿ ಹಾಕು, ನೀನೇ."

ಉಜ್ಜನಪ್ಪ ಕಪ್ಪು ಚುಕ್ಕೆಯನ್ನು ಕೆರೆದು ಒರೆಸಿದ. ಗಿಡ್ಡ ತಂತಿ ಕತ್ತರಿಸಿ, ಹಿತ್ತಾಳೆಯ ನಾಲಿಗೆಗೆ ಬೆಸೆದ. ಪಿನ್ನು ಚುಚ್ಚಿ ಕಿತ್ತು, ಚುಚ್ಚಿ ಕಿತ್ತು, ಮೀಟರಿನ ಮುಳ್ಳು ಏಳುವುದನ್ನೂ ಬೀಳುವುದನ್ನೂ ನಾಲ್ಕು ಸಲ ನೋಡಿದ. ಸ್ಪಂದನಾ ಸ್ಪೀಕರಿನ ತಂತಿಯನ್ನು ಕುರ್ಚಿಯಿಂದ ದೂರಕ್ಕೆ, ಗೋಡೆಯ ಬದಿಗೆ ಎಳೆದಳು. ಮತ್ತೆ ಸ್ವಿಚ್ಚು. ಮತ್ತೆ ಕಿತ್ತಳೆಯ ಬಣ್ಣ. ಅವಳ ಕೈ ತಂತಿಯ ಮೇಲೆ ಹೋಗಲು ಹೆದರಿತು.

"ಬಾರ್ಸು ಮಗಾ. ಮೆಲ್ಲಗೆ."

ಮೆಲ್ಲಗೆ ಒಂದು ಸ್ವರ ಇಳಿಯಿತು. ಅದೇ ದನಿ, ಅದೇ ಇಳಿತ, ತುದಿಯಲ್ಲಿ ಒಡಕಿಲ್ಲ. ಇನ್ನೊಂದು. ಮತ್ತೊಂದು. ಸ್ಪಂದನಾಳ ಭುಜ ಸಡಿಲವಾಯಿತು. ರಾಗ ಮೆಲ್ಲಗೆ ಅಗಲವಾಗುತ್ತ ಕೋಣೆ ತುಂಬಿ, ಕಿಟಕಿ ದಾಟಿ, ಆಲ್ಕೊಳದ ಸರ್ಕಲ್ಲಿನ ಆಟೋ ಹಾರ್ನುಗಳೊಡನೆ ಬೆರೆಯಿತು. ಕಬ್ಬಿಣದ ಹಾಡು ಈಗ ಕೇಳಿಸುತ್ತಿರಲಿಲ್ಲ. ಜಯಶೀಲಾ ಒಮ್ಮೆ ಪೆಟ್ಟಿಗೆಗೆ ಕಿವಿಯಿಟ್ಟು ನೋಡಿದಳು, ಸುರುಳಿ ಸುಮ್ಮನಿತ್ತು.

ಬಿಸಿಲು ಕೆಂಪಾಗುತ್ತ ಬಂತು. ಉಜ್ಜನಪ್ಪ ಮೀಟರು, ಬೆಸುಗೆಯ ಕಡ್ಡಿ ಎಲ್ಲ ಚೀಲಕ್ಕೆ ತುಂಬಿ ಬಾಗಿಲ ಬಳಿ ನಿಂತ.

"ಅತ್ತಿಗೆ, ಹೊರಡೋಣ್ವಾ? ಐದೂವರೆ ಬಸ್ಸು ಸಿಗುತ್ತೆ."

ಜಯಶೀಲಾ ಕಣ್ಣು ತೆರೆಯಲಿಲ್ಲ. "ನೀನು ಹೋಗಿರು ಉಜ್ಜನಪ್ಪ," ಎಂದಳು. "ನಾನು ಅದರ ಮುಂದಿನದಕ್ಕೆ ಬರ್ತೀನಿ."

ಉಜ್ಜನಪ್ಪ ಚೀಲವನ್ನು ಕೆಳಗಿಟ್ಟು, ಹೊಸ್ತಿಲ ಮೇಲೆ ಕೂತುಕೊಂಡ.