ಕೂತಿರುವವಳ ಕೆಲಸ

ಸಣ್ಣಿಯ ಕೆಲಸವೇನು ಎಂದು ಕೇಳಿದರೆ ವೀರನಹೊಸಹಳ್ಳಿ ಪಕ್ಕದ ಕಾಡುಜನರ ಹಾಡಿಯ ಮಕ್ಕಳೂ ನಗುತ್ತಿದ್ದವು. ಅದೂ ಒಂದು ಕೇಳುವ ಮಾತೇ? ಗಂಡ ಸಿದ್ದ ಕಾಡಿನಲ್ಲಿ ಮರ ಕಡಿಯುತ್ತಾನೆ, ಅವಳು ಸ್ವಲ್ಪ ದೂರದಲ್ಲಿ ಕೂತಿರುತ್ತಾಳೆ. ಕೊಡಲಿ ಬೀಸುವವನಿಗೆ ತನ್ನ ಏಟಿನ ಸದ್ದು ಬಿಟ್ಟರೆ ಬೇರೇನೂ ಕೇಳದು. ಎಲ್ಲೋ ಬಿದಿರು ಲಟಕ್ಕೆಂದರೆ, ಹಕ್ಕಿಗಳೆಲ್ಲ ಒಮ್ಮೆಗೇ ಬಾಯಿ ಮುಚ್ಚಿದರೆ, ಸಣ್ಣಿ ಶಿಳ್ಳೆ ಹಾಕುತ್ತಾಳೆ. ಸಿದ್ದ ಕೊಡಲಿಯನ್ನು ಇದ್ದಲ್ಲೇ ಬಿಟ್ಟು ಅವಳ ಹಿಂದೆ ಓಡುತ್ತಾನೆ. ಆನೆ ದಾಟಿಹೋದ ಮೇಲೆ ಇಬ್ಬರೂ ಮರಳಿ ಬರುತ್ತಾರೆ. ಹಾಡಿಯಲ್ಲಿ ಮರ ಕಡಿಯುವವರೆಲ್ಲ ಹೀಗೆ ಇಬ್ಬಿಬ್ಬರಾಗಿಯೇ ಹೋಗುತ್ತಿದ್ದರು, ಇಬ್ಬರಿಗೂ ಕೂಲಿ ಇತ್ತು.

ಜೊತೆಗೆ ಒಂದು ಕಟ್ಟುಪಾಡೂ ಇತ್ತು. ಕಡಿತ ಶುರುವಾಗುವ ದಿನ ಪೂಜೆ ಮಾಡಿದರೆಂದರೆ, ಕೊನೆಯ ಗಾಡಿ ಕಾಡು ಬಿಟ್ಟು ಇಳಿಯುವವರೆಗೆ ಹಾಡಿಯವರು ಯಾರೂ ಆನೆಯ ಹೆಸರೆತ್ತುವಂತಿಲ್ಲ. ಹೆಸರು ಹಿಡಿದರೆ ಕೂಗಿ ಕರೆದಂತೆ. ಅದು ಬರುವುದು ಹೆಸರೆತ್ತಿದವರ ಮನೆಯವರ ಮೇಲೆಯೇ ಎಂದು ಸಣ್ಣಿ ಹುಟ್ಟಿದಾಗಿನಿಂದ ಕೇಳಿದ್ದಳು, ನಂಬಿಯೂ ಇದ್ದಳು.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹುಣಸೂರಿನ ಮರದ ಕಂಪನಿಯೊಂದಕ್ಕೆ ಕೂಲಿ ಲೆಕ್ಕವನ್ನೆಲ್ಲ ಬೆಂಗಳೂರಿನ ಕಂಪ್ಯೂಟರಿಗೆ ಒಪ್ಪಿಸುವ ಹುಚ್ಚು ಹತ್ತಿತು. ಹುಚ್ಚು ಹತ್ತಿದ್ದು ಕಂಪನಿಗೆ, ಕಡಿಸಿಕೊಂಡವರು ಕಾಡಿನವರು. ಯಂತ್ರಕ್ಕೆ ಕಲಿಸುವ ಮೊದಲು ಯಾರ ಕೆಲಸ ಏನು ಎಂದು ಒಂದೂ ಬಿಡದೆ ಬರೆದು ತಾ ಎಂದು ಗುಮಾಸ್ತ ಶಿವನಂಜಪ್ಪನನ್ನು ಕಡಿತದ ಜಾಗಕ್ಕೆ ಅಟ್ಟಿದರು. ಶಿವನಂಜಪ್ಪ ಕೆಟ್ಟವನಲ್ಲ. ಕೆ.ಆರ್. ನಗರದ ಗದ್ದೆ ಬಯಲಿನಲ್ಲಿ ಬೆಳೆದವನು, ಕಾಡೆಂದರೆ ಏನೆಂದು ಗೊತ್ತಿಲ್ಲ, ಅಷ್ಟೆ. ಮರದ ದಿಮ್ಮಿಯ ಮೇಲೆ ಕೂತು ಒಬ್ಬೊಬ್ಬರನ್ನೇ ತಾಳ್ಮೆಯಿಂದ ಕೇಳಿದ.

"ಈಗ ಹೇಳಿದ್ದಷ್ಟೇ ಯಂತ್ರಕ್ಕೆ ಗೊತ್ತಾಗೋದು. ಬಿಟ್ಟದ್ದು ಬಿಟ್ಟಹಾಗೇ," ಎಂದ. "ನಿನ್ನ ಕೆಲಸ ಏನಮ್ಮ?"

"ಕುಂತಿರ್ತೀನಿ ಸ್ವಾಮಿ," ಎಂದಳು ಸಣ್ಣಿ.

"ಕೂತ್ಕೊಂಡು ಏನು ಮಾಡ್ತೀಯ?"

"ಕುಂತಿರ್ತೀನಿ, ಅಷ್ಟೇಯ."

"ಕೈಯಲ್ಲಿ ಏನಿರುತ್ತೆ? ಕತ್ತಿ, ಹಗ್ಗ, ಏನಾದ್ರೂ?"

"ಏನೂ ಇರಾಕಿಲ್ಲ."

ಹೇಳಬೇಕಾದ ಮಾತು ಸಣ್ಣಿಯ ನಾಲಿಗೆಯ ತುದಿಗೆ ಬಂದು ಕೂತಿದೆ, ಆದರೆ ಪೂಜೆ ಆಗಿ ವಾರವೂ ಕಳೆದಿಲ್ಲ. ಅವಳು ಮೇಸ್ತ್ರಿ ಅಂಕಯ್ಯನ ಮುಖ ನೋಡಿದಳು. ಪೂಜೆಗೆ ಕೋಳಿ ಕೊಯ್ದವನೇ ಅವನು. ಅವನು ಬೇರೆ ಕಡೆ ತಿರುಗಿ ಎಲೆಗೆ ಸುಣ್ಣ ಸವರತೊಡಗಿದ.

ಸಿದ್ದನೇ ಬಾಯಿಬಿಟ್ಟ. "ಅವ್ಳಿಲ್ದೆ ನಂಗೆ ಕಡಿಯಾಕಾಗಾಕಿಲ್ಲ ಸ್ವಾಮಿ. ಅದ್ನೂವೆ ಬರ್ಕಳಿ."

ಶಿವನಂಜಪ್ಪ ತಲೆಯೆತ್ತಿ ನಕ್ಕ. "ಮದುವೆಯಾಗಿ ಎಷ್ಟು ದಿನ ಆಯ್ತಪ್ಪ? ಹೆಂಡ್ತಿ ಮುಖ ನೋಡದೆ ಕೊಡ್ಲಿ ಏಳೋದಿಲ್ವೋ?"

ಉಳಿದವರೂ ನಕ್ಕರು. ನಗದೆ ಏನು ಮಾಡಿಯಾರು, ಬಾಯಿ ಬಿಡುವಂತಿಲ್ಲವಲ್ಲ. ಸಿದ್ದ ನಾಚಿ ತಲೆ ತಗ್ಗಿಸಿದ. ಸಣ್ಣಿಯ ಹೆಸರಿನ ಮುಂದೆ ಶಿವನಂಜಪ್ಪ ಬರೆದದ್ದು ಇಷ್ಟು: ಗಂಡನ ಜೊತೆಗೆ ಬರುತ್ತಾಳೆ, ಕೆಲಸವಿಲ್ಲ. ಉಳಿದ ಕೂತಿರುವವರ ಮುಂದೆಯೂ ಹಾಗೇ ಬರೆದುಕೊಂಡು ಹೋದ.

ಸಂಕ್ರಾಂತಿ ಕಳೆದ ಮೇಲೆ ಬೆಂಗಳೂರಿನಿಂದ ಹೊಸ ಕೂಲಿ ಚೀಟಿಗಳು ಬಂದವು, ಗಟ್ಟಿ ಕಾಗದದವು. ಸಿದ್ದನಿಗೆ ಬಂತು, ಸಣ್ಣಿಗೆ ಬರಲಿಲ್ಲ. ಚೀಟಿ ಇಲ್ಲದವರನ್ನು ಕಡಿತದ ಜಾಗಕ್ಕೆ ಹೋಗುವ ದಾರಿಯಲ್ಲಿದ್ದ ಕಂಪನಿಯ ಗೇಟಿನವನು ಒಳಗೆ ಬಿಡಲಿಲ್ಲ. ಸಿದ್ದ ಒಬ್ಬನೇ ಹೋದ. ಹೋಗದಿದ್ದರೆ ಒಲೆ ಹೊತ್ತುವುದಿಲ್ಲ.

"ನಾಕೇಟಾಕಿ ನಿಂತ್ಕತೀನಿ ಕಣ್ ಬುಡು. ಕಿವಿಗೊಟ್ಟು ಕೇಳ್ಬುಟ್ಟು ಆಮ್ಯಾಕೆ ಕಡೀತೀನಿ," ಎಂದು ಹೆಂಡತಿಗೆ ಧೈರ್ಯ ಹೇಳಿದ.

ಹಾಗೇ ಮಾಡಿದ ಕೂಡ. ನಿಂತು ನಿಂತು ಕಡಿದರೆ ಮರ ಎಷ್ಟು ಉರುಳೀತು? ವಾರದ ಕೊನೆಗೆ ಅಂಕಯ್ಯ ಹಾಡಿಗೇ ಬಂದ. "ನಿನ್ ಪಾಲಿನ್ ಮರ ಕಮ್ಮಿ ಬಿದ್ದದೆ ಕಣ್ಲಾ ಸಿದ್ದ. ಮೊದ್ಲಾದ್ರೆ ನಾನು ಎಂಗೋ ಸರಿಮಾಡ್ತಿದ್ದೆ. ಈಗ ಅಲ್ಲೆಲ್ಲೋ ಕುಂತಿರೋ ಮಿಸನ್ನು ನೋಡ್ತದೆ. ಇಂಗೇ ಆದ್ರೆ ಚೀಟಿ ನಿಲ್ಲಿಸ್ಬುಡ್ತಾರೆ."

ಮಾರನೆಯ ದಿನದಿಂದ ಸಿದ್ದ ನಿಲ್ಲುವುದನ್ನು ಬಿಟ್ಟ. ಗೇಟಿನಾಚೆ ಕೂತ ಸಣ್ಣಿಗೆ ಒಳಗಿನಿಂದ ಅವನ ಕೊಡಲಿಯ ಸದ್ದು ಒಂದೇ ಸಮನೆ ಕೇಳಿಸುತ್ತಿತ್ತು. ನಡುವೆ ಎಲ್ಲೂ ಅವನು ನಿಂತು ಕಿವಿಗೊಡುತ್ತಿಲ್ಲ ಎಂದು ಆ ಸದ್ದಿನಿಂದಲೇ ತಿಳಿಯುತ್ತಿತ್ತು. ಎರಡು ದಿನ ತಡೆದಳು. ಮೂರನೆಯ ದಿನ ಕೋಳಿ ಕೂಗುವ ಹೊತ್ತಿಗೆ ಹುಣಸೂರಿನ ದಾರಿ ಹಿಡಿದಳು.

ದಾರಿಯುದ್ದಕ್ಕೂ ಅವಳಿಗೆ ಒಂದೇ ಭಯ. ಹೇಳದಿದ್ದರೆ ಅವನು ಒಬ್ಬನೇ. ಹೇಳಿದರೆ ಕರೆದಂತೆ. ಇಷ್ಟು ದೂರದ ಊರಿನಲ್ಲಿ, ಬಾಗಿಲು ಹಾಕಿದ ಕೋಣೆಯೊಳಗೆ, ಮೆಲ್ಲಗೆ ಹೇಳಿದರೆ ಕಾಡಿಗೆ ಕೇಳಲಿಕ್ಕಿಲ್ಲ ಎಂದುಕೊಂಡಳು. ಪಾಪ, ಬೇರೆ ಯಾವ ಧೈರ್ಯವನ್ನು ತಂದುಕೊಳ್ಳಬೇಕಿತ್ತು?

ಆಫೀಸಿನಲ್ಲಿ ಶಿವನಂಜಪ್ಪನಿಗೆ ಅವಳ ಗುರುತು ಹತ್ತಿತು. ಅವಳು ಬಾಗಿಲು ಹಾಕಿಸಿದಳು, ಬಾಯಿಗೆ ಸೆರಗು ಅಡ್ಡ ಹಿಡಿದು ಹೇಳಿದಳು.

"ಆನೆ ಕಾಯಾಕೆ ಕುಂತಿರ್ತೀನಿ ಸ್ವಾಮಿ."

ಶಿವನಂಜಪ್ಪ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟ. "ಆವತ್ತೇ ಯಾಕೆ ಹೇಳ್ಲಿಲ್ಲ?" ಎಂದ.

"ಆವತ್ತು ಯೋಳೋ ಅಂಗಿರ್ಲಿಲ್ಲ."

"ಇವತ್ತು?"

"ಇವತ್ತೂ ಇಲ್ಲ."

ಅವನು ಎದ್ದು ನಿಂತ, ಮತ್ತೆ ಕೂತ. ಬರೆದದ್ದು ಬೆಂಗಳೂರು ಸೇರಿದೆ, ಯಂತ್ರ ಓದುವ ಕಾರ್ಡುಗಳಿಗೆಲ್ಲ ಅದರಂತೆ ತೂತು ಹೊಡೆದಾಗಿದೆ, ಈ ಸಲದ ಕಡಿತ ಮುಗಿಯುವವರೆಗೆ ಏನನ್ನೂ ಬದಲಾಯಿಸುವಂತಿಲ್ಲ. ಹಾಗೆಂದು ಹೇಳಿ ಕಳಿಸಬಹುದಿತ್ತು. ಕಳಿಸಲಿಲ್ಲ. ಕೆಲಸ ಹೋದರೆ ಹೋಗಲಿ ಎಂದು ಬಿಳಿ ಹಾಳೆಯಲ್ಲಿ ಕೈಯಾರೆ ಬರೆದು, ಸಹಿ ಹಾಕಿ, ಮೊಹರು ಒತ್ತಿದ. "ಗೇಟಿನವನಿಗೆ ಇದನ್ನು ತೋರ್ಸು. ನಾಳೆಯಿಂದ ಗಂಡನ ಜೊತೆಗೇ ಹೋಗಮ್ಮ."

ಸಣ್ಣಿ ಆ ಹಾಳೆಯನ್ನು ರವಿಕೆಯೊಳಗೆ ಸೇರಿಸಿಕೊಂಡು ಓಡುನಡಿಗೆಯಲ್ಲಿ ಬಂದಳು. ಅರ್ಧ ದಾರಿಯಲ್ಲಿ ಹೊಗೆಸೊಪ್ಪಿನ ಲಾರಿಯವನೊಬ್ಬ ಹತ್ತಿಸಿಕೊಂಡ. ಹೊತ್ತಿಳಿಯುವ ಮೊದಲೇ ಹಾಡಿ ಮುಟ್ಟಿದಳು. ಜನ ಎಲ್ಲ ಹೊರಗೆ ನಿಂತಿದ್ದರು. ಅಂಕಯ್ಯ ತಲೆಯ ಮೇಲಿನ ಟವಲನ್ನು ಕೈಯಲ್ಲಿ ಹಿಡಿದಿದ್ದ. ಅವಳ ಮನೆಯ ಮುಂದೆ ಕಂಬಳಿ ಹೊದಿಸಿ ಮಲಗಿಸಿದ್ದರು. ಮುಖ ತೋರಿಸಿ ಎಂದಳು. ತೋರಿಸುವ ಹಾಗಿಲ್ಲ ಎಂದರು.

"ಯಾವೊತ್ನಲ್ಲಿ?" ಎಂದು ಕೇಳಿದಳು.

"ಮದ್ಯಾನ್ದಲ್ಲಿ ಕಣವ್ವ," ಎಂದ ಅಂಕಯ್ಯ.

ಮಧ್ಯಾಹ್ನವೇ ಅವಳು ಬಾಗಿಲು ಹಾಕಿಸಿ ಬಾಯಿ ಬಿಟ್ಟದ್ದು. ಹಾಡಿಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ, ಯಾರೂ ಅವಳನ್ನು ಬಯ್ಯಲಿಲ್ಲ. ಆದರೆ ತಾನೇ ಗಂಡನನ್ನು ಕೊಂದೆ ಎಂದು ಸಣ್ಣಿ ತೀರ್ಮಾನಿಸಿಬಿಟ್ಟಳು. ಹೇಳದೆ ಕೊಂದೆನೋ ಹೇಳಿ ಕೊಂದೆನೋ, ಅದೊಂದು ಮಾತ್ರ ಅವಳಿಗೆ ಬಗೆಹರಿಯಲಿಲ್ಲ.

ಸಾವಿನ ಸುದ್ದಿ ಬೆಂಗಳೂರಿಗೆ ಮುಟ್ಟಿದ್ದೇ ತಡ, ಆಗುವುದೇ ಇಲ್ಲ ಎಂದಿದ್ದ ಬದಲಾವಣೆ ಹದಿನೈದೇ ದಿನದಲ್ಲಿ ಆಗಿಹೋಯಿತು. ಕಡಿಯುವ ಒಬ್ಬೊಬ್ಬನಿಗೂ ಕಾವಲಿಗೆ ಒಬ್ಬರು, ಅವರಿಗೂ ಕೂಲಿ. ಶಿವನಂಜಪ್ಪನೇ ಹಾಡಿಗೆ ಬಂದು, ಯಾರ ಮುಖವನ್ನೂ ನೋಡದೆ ಹೊಸ ಚೀಟಿಗಳನ್ನು ಹಂಚಿದ. ಸಣ್ಣಿಗೂ ಒಂದು ಬಂತು, ಸಿದ್ದನ ಜಾಗಕ್ಕೆ ಬಂದ ಕುಳ್ಳ ಎಂಬವನ ಕಾವಲಿಗೆ. ಗಟ್ಟಿ ಕಾಗದ, ಅವಳ ಹೆಸರು, ಹೆಸರಿನ ಮುಂದೆ ಕೆಲಸ.

ಅದನ್ನು ಕಂಡು ಅವಳಿಗೆ ಮೈಯೆಲ್ಲ ಉರಿಯಿತು. ಅಲ್ಲೇ ಹರಿದು ಒಲೆಗೆ ಹಾಕಬೇಕು ಎನ್ನಿಸಿತು. ಹಾಕಲಿಲ್ಲ. ಹಾಕಿದರೆ ಗೇಟಿನವನು ಅವಳನ್ನು ಒಳಗೆ ಬಿಡುವುದಿಲ್ಲ, ಕುಳ್ಳ ಒಬ್ಬನೇ ಹೋಗಬೇಕಾಗುತ್ತದೆ.